ಉತಾರ ಇಲ್ಲದವರಿಗೂ ಸೊಸೈಟಿ ಬಾಗಿಲು

ಚಡಚಣ ಸೀಮೆಯಲ್ಲಿ ಬೆಳೆಸಾಲಕ್ಕೆ ಹೊರಟ ರೈತನ ಕೈಚೀಲಕ್ಕೆ ಮೊದಲು ಸೇರುವುದು ಉತಾರ, ಅಂದರೆ ಹೊಲದ ಪಹಣಿ. ಭೀಮೆಯ ದಂಡೆಯಲ್ಲಿ ಕಬ್ಬು ಹಚ್ಚಿದವರಿರಲಿ, ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ ನಂಬಿದವರಿರಲಿ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಅದೇ ಗುರುತು. ಊರವರ ಬಾಯಲ್ಲಿ ಅದು ಬರೀ ‘ಸೊಸೈಟಿ’. ಬೀಜ, ಗೊಬ್ಬರ, ಎಷ್ಟೋ ಊರುಗಳಲ್ಲಿ ರೇಷನ್ನೂ ಅಲ್ಲೇ.

ಸೊಸೈಟಿಗಳ ಕಥೆ ಹಳೆಯದು. 1876-78ರ ಬರ ಆಗ ಕಲಾದಗಿ ಜಿಲ್ಲೆ ಎನಿಸಿದ್ದ ಈ ನೆಲವನ್ನು ಹಿಂಡಿಹಾಕಿತು. ಮಳೆ ಮರಳಿದರೂ ಸಾಹುಕಾರನ ಬಡ್ಡಿ ಇಳಿಯಲಿಲ್ಲ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಒಬ್ಬನಿಗೆ ಹುಟ್ಟದ ಸಾಲ ಹತ್ತು ಜನ ಒಬ್ಬರಿಗೊಬ್ಬರು ಜಾಮೀನು ನಿಂತರೆ ಹುಟ್ಟುತ್ತದೆ ಎಂಬುದು ಈ ಸಂಘಗಳ ಬುನಾದಿ. ಯಾರು ಬಿತ್ತುತ್ತಾರೆ, ಯಾರು ಮಾತಿಗೆ ನಿಲ್ಲುತ್ತಾರೆ ಎಂಬುದು ನೆರೆಯವನಿಗೆ ಗೊತ್ತೇ ಇರುತ್ತದಲ್ಲ!

ಸಾಲಕ್ಕಿಂತ ದೊಡ್ಡದೊಂದನ್ನೂ ಸಂಘ ತಂದಿತು. ಎಷ್ಟೇ ಶೇರು ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಚಾವಡಿಯಲ್ಲಿ ಯಾರು ಎಲ್ಲಿ ಕೂಡಬೇಕೆಂದು ಹುಟ್ಟೇ ನಿರ್ಧರಿಸುತ್ತಿದ್ದ ಊರುಗಳಲ್ಲಿ ಎರಡೆಕರೆಯವನ ಮತ ನಲವತ್ತೆಕರೆಯವನ ಮತಕ್ಕೆ ಸಮ ಎನ್ನುವುದು ಸಣ್ಣ ಮಾತಲ್ಲ.

ಆದರೆ ಎರಡೆಕರೆಯೂ ಇಲ್ಲದವರು? ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವನ ಹೆಸರು ಉತಾರದಲ್ಲಿ ಇರುವುದಿಲ್ಲ. ದಿನವಿಡೀ ಕಳೆ ತೆಗೆಯುವ ಹೆಣ್ಣುಮಗಳ ಹೆಸರೂ ಅಪರೂಪ. ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಇವರಿಗೆ ಅದರಿಂದೇನು ಬಂತು? ಸೊಸೈಟಿ ಸಾಲ ಸಿಗದೆ ದಲಾಲಿ ಅಂಗಡಿಯಲ್ಲಿ ಮುಂಗಡ ತಂದವನು ಕೊನೆಗೆ ರಾಶಿಯನ್ನೂ ಅದೇ ಅಂಗಡಿಗೆ ಹಾಕಬೇಕು. ದರ ಕೇಳುವ ಬಾಯಿ ಅವನಿಗಿಲ್ಲ.

ಹಾಲಿನ ಸಂಘ ಸೊಸೈಟಿಗಿಂತ ಉದಾರಿ. ಮನೆಯಲ್ಲಿ ಒಂದು ಎಮ್ಮೆ ಇದ್ದು ಹಾಲು ಹಾಕಿದರೆ ಸಾಕು, ಹೊಲದ ಕಾಗದ ಬೇಡ. ಫ್ಯಾಟ್ ನೋಡಿ ದರ ಕಟ್ಟುತ್ತಾರೆ. ಸದಸ್ಯೆ ಮನೆಯ ಹೆಣ್ಣುಮಗಳೇ ಆದರೆ ಬಿಲ್ಲಿನ ಹಣವೂ ಆಕೆಯ ಹೆಸರಿಗೇ.

ಲಾವಣಿದಾರರಿಗೂ ದಾರಿ ಇದೆ. ನಬಾರ್ಡ್ ರೂಪಿಸಿದ ಜಂಟಿ ಬಾಧ್ಯತಾ ಗುಂಪಿನಲ್ಲಿ ನಾಲ್ಕರಿಂದ ಹತ್ತು ಜನ ಪರಸ್ಪರ ಜಾಮೀನು ನಿಂತು, ಜಮೀನು ಒತ್ತೆ ಇಡದೆ ಸಾಲ ಪಡೆಯಬಹುದು. ಕಣಗಿನಹಾಳದ ಕಾಲದ ಬುನಾದಿಯೇ ಇದು. ಸೊಸೈಟಿಯ ಈ ಸಲದ ವಾರ್ಷಿಕ ಸಭೆಯಲ್ಲಿ ಲಾಭ-ಹಾನಿಯ ಪಟ್ಟಿ ಓದಿ ಮುಗಿಸುವ ಮುನ್ನ ಸದಸ್ಯರೊಬ್ಬರು ಎದ್ದು ನಿಂತು, ನಮ್ಮೂರಲ್ಲಿ ಇಂಥ ಗುಂಪುಗಳು ಎಷ್ಟು ಆಗಿವೆ ಎಂದು ಕೇಳಲಿ.