ವೃತ್ತಿಚ್ಯುತಿಯೂ ಪುನಃಶಿಕ್ಷಣವೂ: ಬೆಳಗಾವಿಯ ಮಗ್ಗ, ಖಾನಾಪುರದ ತಿಗರಿ

‘ವೃತ್ತಿ’ ಶಬ್ದಕ್ಕೆ ಸಂಸ್ಕೃತದಲ್ಲಿ ನಡತೆ, ಜೀವನೋಪಾಯ, ಸೂತ್ರದ ವಿವರಣೆ ಎಂಬ ಅರ್ಥಗಳುಂಟು. ನಮ್ಮ ಶಾಸನಗಳಲ್ಲಿ ಅದು ದಾನವಾಗಿ ಬಂದ ಭೂಮಿಯ ಪಾಲನ್ನೂ ಸೂಚಿಸುತ್ತದೆ. ಒಬ್ಬನ ವೃತ್ತಿಯು ತಪ್ಪಿತೆಂದರೆ ಕೂಲಿಯು ಮಾತ್ರವೇ ಹೋಗುವುದಿಲ್ಲವೆಂಬ ತಿಳಿವು ಈ ಅರ್ಥಸಮುದಾಯದಲ್ಲಿಯೇ ಅಡಗಿದೆ. ಕಸಬನ್ನು ಕಳೆದುಕೊಂಡವನ ಮನೆವಾರ್ತೆಯು ಹೇಗೆ ಕುಸಿಯುತ್ತದೆ, ಮರಳಿ ಪಡೆಯುವ ಶಿಕ್ಷಣವು ಅದನ್ನು ಎಷ್ಟರಮಟ್ಟಿಗೆ ಎತ್ತಬಲ್ಲದು ಎಂಬೆರಡು ಪ್ರಶ್ನೆಗಳನ್ನು ಬೆಳಗಾವಿಯ ನೇಕಾರರನ್ನೂ ಖಾನಾಪುರದ ಕುಂಬಾರರನ್ನೂ ಕುರಿತು ಇಲ್ಲಿ ವಿವೇಚಿಸಲಾಗುವುದು. ಜೇಡರ ದಾಸಿಮಯ್ಯನನ್ನೂ ಕುಂಬಾರ ಗುಂಡಯ್ಯನನ್ನೂ ಕುರಿತು ಪಾಠ ಹೇಳುವ ಅಧ್ಯಾಪಕರಿಗೆ ಈ ವಿಷಯವು ದೂರದ್ದಲ್ಲ.

೧. ಪ್ರಾಚೀನ ನಿದರ್ಶನ

ಕಸಬು ಬದಲಿಸಿದ ನೇಕಾರರ ವೃತ್ತಾಂತವೊಂದು ಮಂದಸೋರಿನ ಶಿಲಾಶಾಸನದಲ್ಲಿದೆ. ವತ್ಸಭಟ್ಟಿಯು ರಚಿಸಿದ ಆ ಪ್ರಶಸ್ತಿಯು ಮಾಲವ ಸಂವತ್ಸರ ೪೯೩ರಲ್ಲಿ (ಕ್ರಿ. ಶ. ೪೩೬) ಕಟ್ಟಿದ ಸೂರ್ಯದೇವಾಲಯವನ್ನೂ, ೫೨೯ರಲ್ಲಿ (ಕ್ರಿ. ಶ. ೪೭೩) ನಡೆದ ಅದರ ಜೀರ್ಣೋದ್ಧಾರವನ್ನೂ ತಿಳಿಸುತ್ತದೆ. ಲಾಟದೇಶದಿಂದ ದಶಪುರಕ್ಕೆ ಬಂದ ಪಟ್ಟೆನೇಕಾರರ ಶ್ರೇಣಿಯೇ ಅದನ್ನು ಕಟ್ಟಿಸಿತು. ಅವರಲ್ಲಿ ಕೆಲವರು ಬಿಲ್ವಿದ್ಯೆಯಲ್ಲಿ, ಕೆಲವರು ಕಥನದಲ್ಲಿ, ಕೆಲವರು ಜ್ಯೋತಿಷದಲ್ಲಿ ನಿಷ್ಣಾತರಾದರೆಂದೂ, ಮತ್ತೆ ಕೆಲವರು ಸ್ವಕರ್ಮದಲ್ಲಿಯೇ ನಿಂತರೆಂದೂ ಕವಿಯು ವರ್ಣಿಸುತ್ತಾನೆ. ಇಲ್ಲಿ ಎರಡಂಶಗಳು ಗಮನಾರ್ಹವಾದುವು. ಅವರು ಒಬ್ಬೊಬ್ಬರಾಗಿ ಅಲ್ಲ, ಶ್ರೇಣಿಯಾಗಿ ಬಂದರು. ದೇಗುಲ ಕಟ್ಟಿಸುವಷ್ಟು ಧನವು ಶ್ರೇಣಿಯ ಕೈಯಲ್ಲಿದ್ದಿತು. ಕಸಬು ಬದಲಿಸಲು ಬುದ್ಧಿಯೊಂದೇ ಸಾಲದು. ಕಲಿಯುವ ಕಾಲದಲ್ಲಿ ಅನ್ನವಿಕ್ಕುವ ಆಸರೆಯೂ ಬೇಕು.

೨. ಮಗ್ಗ

ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗಗಳು ನೇಕಾರರ ನೆಲೆಗಳು. ಹಿಂದೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದ ಸೀರೆಯು ಹೆಸರಾದುದು. ವಿದ್ಯುನ್ಮಗ್ಗವು ಕೈಮಗ್ಗದ ಸ್ಥಾನವನ್ನು ಆಕ್ರಮಿಸುತ್ತಿರಲು, ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು ೧೯೮೫ರಲ್ಲಿ ಆಯಿತು. ಆದರೆ ಮೊದಲು ೨೨ ಇದ್ದ ಮೀಸಲು ವಸ್ತ್ರಗಳು ಬಳಿಕ ೧೧ಕ್ಕೆ ಇಳಿದುವು. ವಿದ್ಯುನ್ಮಗ್ಗವನ್ನು ಹಿಡಿದವನೂ ನಿಶ್ಚಿಂತನಾಗಲಿಲ್ಲ. ೨೦೨೦ರ ಮಾರ್ಚಿನಲ್ಲಿ ದೇಶವೆಲ್ಲ ಮುಚ್ಚಿದಾಗ ಮದುವೆಗಳು ನಿಂತುವು. ನೇಯ್ದ ಸೀರೆಯು ಮಾರದೆ ಉಳಿಯಿತು.

ಮಗ್ಗವು ನಿಂತರೆ ನೇಯುವವನ ಕೂಲಿಯಷ್ಟೇ ಅಲ್ಲದೆ, ಕಂಡಿಕೆ ಸುತ್ತುವ ಹೆಂಗಸರ, ಹಾಸು ಹೂಡುವವರ, ನೂಲಿಗೆ ಬಣ್ಣ ಹಾಕುವವರ ಕೂಲಿಯೂ ನಿಲ್ಲುತ್ತದೆ. ಮೊದಲು ಒಡವೆಯು ಒತ್ತೆ ಬೀಳುತ್ತದೆ. ಅನಂತರ ಮಗ್ಗವು ಗುಜರಿಗೆ ಹೋಗುತ್ತದೆ. ಒಂದೇ ಕೇರಿಯ ಅನೇಕರು ಏಕಕಾಲದಲ್ಲಿ ಮಗ್ಗ ಮಾರಲು ನಿಂತರೆ ಅದರ ಬೆಲೆಯು ಕುಸಿಯುವುದು. ಅವರೆಲ್ಲರೂ ಒಟ್ಟಿಗೆ ಗೌಂಡಿಯ ಕೈಕೆಳಗಿನ ಕೆಲಸಕ್ಕೆ ಹೊರಟರೆ ಆ ಕೂಲಿಯೂ ಇಳಿಯುವುದು.

೩. ತಿಗರಿ

ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನೊಳಗೊಂಡ ಖಾನಾಪುರ ತಾಲೂಕು ಒಳ್ಳೆಯ ಮಣ್ಣಿಗೂ ಹೆಂಚಿಗೂ ಪ್ರಸಿದ್ಧವಾಗಿದೆ. ಇಲ್ಲಿ ಕುಂಬಾರನ ವೃತ್ತಿಯು ಒಮ್ಮೆಗೇ ತಪ್ಪಿದುದಲ್ಲ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ನಾಡೆಲ್ಲ ಹರಡಿ ಕೈಹೆಂಚನ್ನು ಹಿಂದಕ್ಕೆ ತಳ್ಳಿತು. ಲೋಹದ ಮತ್ತು ಪ್ಲಾಸ್ಟಿಕ್ಕಿನ ಪಾತ್ರೆಗಳು ಗಡಿಗೆ ಮಡಕೆಗಳನ್ನು ಅಡಿಗೆಮನೆಯಿಂದ ಹೊರಗಿಟ್ಟುವು. ಕಾಂಕ್ರೀಟು ಬಂದ ಮೇಲೆ ಕಾರ್ಖಾನೆಯ ಹೆಂಚಿಗೂ ಅದೇ ಗತಿಯಾಯಿತು. ಮಳೆಗಾಲದಲ್ಲಿ ಹಸಿ ಗಡಿಗೆಯು ಒಣಗದ ಈ ಸೀಮೆಯಲ್ಲಿ ಕುಂಬಾರನ ಗಳಿಕೆಯು ಮೊದಲೇ ವರ್ಷದ ಕೆಲವು ತಿಂಗಳಿನದು. ಆದಕಾರಣ ಉಳಿತಾಯವು ಅಲ್ಪ.

೪. ಪರಿಹಾರದ ಪರಿಮಿತಿ

ಕಾರ್ಖಾನೆಯ ಕೆಲಸಗಾರನನ್ನು ಹೆಚ್ಚಾದವನೆಂದು ತೆಗೆದಾಗ, ಸೇವೆಯ ಪ್ರತಿವರ್ಷಕ್ಕೆ ೧೫ ದಿನದ ಸಂಬಳವನ್ನು ಪರಿಹಾರವಾಗಿ ಕೊಡಬೇಕೆಂಬ ನಿಯಮವು ೧೯೫೩ರಲ್ಲಿ ಬಂದಿತು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಅದಲ್ಲದೆ ೧೫ ದಿನದ ಸಂಬಳದಷ್ಟನ್ನು ಮಾಲಕನು ಪುನಃಶಿಕ್ಷಣದ ನಿಧಿಗೆ ತೆರಬೇಕೆಂದು ವಿಧಿಸಿದೆ. ಆದರೆ ಮನೆಯ ಮಗ್ಗದಲ್ಲಿ ಸೀರೆಗೆ ಇಷ್ಟೆಂದು ನೇಯುವವನನ್ನಾಗಲಿ, ತನ್ನ ತಿಗರಿಯನ್ನು ತಾನೇ ತಿರುಗಿಸುವವನನ್ನಾಗಲಿ ಯಾರೂ ತೆಗೆದುಹಾಕುವುದಿಲ್ಲ. ಬೇಡಿಕೆಯೇ ಅವನನ್ನು ಬಿಟ್ಟುಹೋಗುತ್ತದೆ. ತೆಗೆದವರಿಲ್ಲವಾದುದರಿಂದ ಪರಿಹಾರವನ್ನು ತೆರುವವರೂ ಇಲ್ಲ.

ಈ ನಷ್ಟವು ತಾತ್ಕಾಲಿಕವೆಂದು ಭಾವಿಸುವುದು ಯುಕ್ತವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತವನ್ನು ಕುರಿತು ಜೇಕಬ್ಸನ್, ಲಲಾಂಡ್, ಸಲ್ಲಿವನ್ ಎಂಬ ವಿದ್ವಾಂಸರು ೧೯೯೩ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಬಹುಕಾಲ ಒಂದೇ ಕಡೆ ದುಡಿದು ಕೆಲಸ ಕಳೆದುಕೊಂಡವರ ಗಳಿಕೆಯು ವರ್ಷಗಳು ಕಳೆದರೂ ಸರಾಸರಿ ಶೇಕಡ ೨೫ರಷ್ಟು ಕಡಮೆಯಾಗಿಯೇ ಉಳಿಯಿತು. ಒಂದು ಕೆಲಸದಲ್ಲಿ ಪಳಗಿದ ಕೈಗೆ ಬೇರೆಡೆ ಆ ಬೆಲೆಯು ಸಿಕ್ಕುವುದಿಲ್ಲ. ಐವತ್ತು ದಾಟಿದ ನೇಕಾರನು ಕಾವಲುಗಾರನಾದಾಗ, ಲಾಳಿಯನ್ನು ಬಲ್ಲ ಅವನ ಮೂವತ್ತು ವರ್ಷದ ಪರಿಶ್ರಮವು ಲೆಕ್ಕಕ್ಕೆ ಬರುವುದೇ ಇಲ್ಲ.

೫. ಪುನಃಶಿಕ್ಷಣ

ಪುನಃಶಿಕ್ಷಣವು ದ್ವಿವಿಧ. ಇದ್ದ ಕಸಬನ್ನೇ ಸಂಸ್ಕರಿಸುವುದು ಒಂದು, ಅದನ್ನು ಬಿಡಿಸಿ ಬೇರೊಂದನ್ನು ಕಲಿಸುವುದು ಇನ್ನೊಂದು. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರೀಯ ಸಂಸ್ಥೆಯು ಕೊಡುತ್ತ ಬಂದ ಶಿಕ್ಷಣವು ಮೊದಲ ಬಗೆಯದು. ಕೈಗೆ ಪಳಗಿದ ವಿದ್ಯೆಯು ಇದರಲ್ಲಿ ವ್ಯರ್ಥವಾಗುವುದಿಲ್ಲ. ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ಪಿ. ಎಂ. ವಿಶ್ವಕರ್ಮ ಯೋಜನೆಯ ೧೮ ಕಸಬುಗಳಲ್ಲಿ ಕುಂಬಾರಿಕೆಯುಂಟು, ನೇಯ್ಗೆಯಿಲ್ಲ. ಅದರ ಮೊದಲ ತರಬೇತಿಯು ೫ರಿಂದ ೭ ದಿನದ್ದು, ದಿನಕ್ಕೆ ೫೦೦ ರೂಪಾಯಿ ಭತ್ಯವಿರುತ್ತದೆ. ಬಲ್ಲ ಕಸಬನ್ನು ತಿದ್ದಿಕೊಳ್ಳಲು ಇಷ್ಟು ಸಾಕಾದೀತು. ಅರಿಯದ ಕಸಬನ್ನು ಹಿಡಿಯಲು ಸಾಲದು.

ಆದುದರಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಶಿಕ್ಷಣವು ಮಗ್ಗವನ್ನು ಮಾರುವ ಮೊದಲೇ ದೊರೆಯಬೇಕು. ಸಾಲಗಾರನಾದವನಿಗೆ ಕಲಿಯುವಷ್ಟು ವಿರಾಮವಿಲ್ಲ. ಕಲಿಯುವಷ್ಟು ಕಾಲವೂ ಮನೆಗೆ ಅನ್ನವು ಸಲ್ಲಬೇಕು. ಕನ್ನಡ ಮರಾಠಿಗಳೆರಡೂ ನಡೆಯುವ ಈ ಗಡಿಸೀಮೆಯಲ್ಲಿ ಅದು ಕಲಿಯುವವನ ಮನೆಮಾತಿನಲ್ಲಿರಬೇಕು. ದಶಪುರದ ನೇಕಾರರಿಗೆ ಶ್ರೇಣಿಯು ಕೊಟ್ಟ ಆಸರೆಯನ್ನು ಇಂದು ಸಹಕಾರ ಸಂಘಗಳೂ ಸರಕಾರವೂ ಕೊಡದಿದ್ದಲ್ಲಿ, ಪುನಃಶಿಕ್ಷಣವೆಂಬುದು ಪ್ರಮಾಣಪತ್ರವಾಗಿ ಉಳಿಯುವುದೇ ಹೊರತು ವೃತ್ತಿಯಾಗಲಾರದು.