ಕಾಮಾಕ್ಷಿಪಾಳ್ಯದಲ್ಲೊಬ್ಬ ಫಿಟ್ಟರ್ ತಯಾರಾಗುತ್ತಿದ್ದಾನೆ

‘ಟರ್ನರ್, ಫಿಟ್ಟರ್, ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ.’ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಳರಸ್ತೆಗಳಲ್ಲಿ ಶೆಡ್ಡಿನ ಗೇಟಿಗೆ ನೇತುಹಾಕಿದ ಈ ಬೋರ್ಡನ್ನು ಬಸವೇಶ್ವರನಗರದವರಿಗೂ ವಿಜಯನಗರದವರಿಗೂ ಪರಿಚಯಿಸಬೇಕಿಲ್ಲ. ಬಿಸಿಲಿಗೆ ಅಕ್ಷರ ಮಾಸಿದರೂ ಬೋರ್ಡು ಕೆಳಗಿಳಿಯುವುದಿಲ್ಲ. ಹಾಗೆ ಮಾಸಿದ ಬೋರ್ಡೊಂದನ್ನು ನೋಡಿ ಒಳಹೊಕ್ಕವನಿಗೆ ಅಲ್ಲಿ ಕಂಡದ್ದರ ಗುಂಗು ಇನ್ನೂ ಬಿಟ್ಟಿಲ್ಲ.

ಒಂದು ಮೂಲೆಯಲ್ಲಿ ಕಂಪ್ಯೂಟರ್ ಹೇಳಿದಂತೆ ನಡೆಯುವ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ತನ್ನ ಪಾಡಿಗೆ ಓಡುತ್ತಿತ್ತು. ಅದರ ಎದುರಿಗೇ ಗುಬ್ಬಿ ಕಡೆಯ ಹುಡುಗನೊಬ್ಬ ವೈಸಿಗೆ ಬಿಗಿದ ಬೆಂಕಿಪೊಟ್ಟಣದಷ್ಟು ಕಬ್ಬಿಣದ ತುಂಡನ್ನು ಅರದಿಂದ ಉಜ್ಜುತ್ತಿದ್ದ. ಆ ಮೆಷಿನ್ ನಿಮಿಷಗಳಲ್ಲಿ ಮಾಡಿ ಮುಗಿಸುವ ಕೆಲಸ. ಹುಡುಗನಿಗೆ ವಾರಗಟ್ಟಲೆಯಿಂದ ಅದೇ ಪಾಠ.

‘ಬಟನ್ ಒತ್ತೋದು ಹದಿನೈದು ದಿನದಲ್ಲಿ ಬರುತ್ತೆ ಸಾರ್. ಕಟ್ಟರ್ ಸದ್ದು ಬದಲಾದ ತಕ್ಷಣ ಓಡಿಹೋಗಿ ನಿಲ್ಲಿಸಬೇಕು ಅಂತ ಅನ್ನಿಸೋದಿದೆಯಲ್ಲ, ಅದು ಕೈಯಲ್ಲಿ ಲೋಹ ಉಜ್ಜಿದವನಿಗೇ’ ಎಂದರು ಯಜಮಾನರು. ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಕಲಿತವರು, ಅರವತ್ತು ದಾಟಿದವರು.

ಅರದ ಕೆಲಸ ಸುಲಭ ಅಂದುಕೊಂಡವರು ಒಮ್ಮೆ ಹಿಡಿದು ನೋಡಬೇಕು. ಅರ ಕೊಯ್ಯುವುದು ಮುಂದೆ ತಳ್ಳುವಾಗ ಮಾತ್ರ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಹಲ್ಲು ಬೇಗ ಮೊಂಡಾಗುತ್ತದೆ. ತಳ್ಳುತ್ತಾ ಹೋದಂತೆ ಮುಂದಿನ ಕೈಯ ಭಾರ ಕಡಿಮೆಯಾಗಿ ಹಿಡಿಯತ್ತ ಇರುವ ಕೈಯ ಭಾರ ಹೆಚ್ಚಬೇಕು. ಈ ಲೆಕ್ಕ ತಪ್ಪಿದರೆ ಅರ ತೊಟ್ಟಿಲಾಡಿ, ತುಂಡಿನ ಎರಡು ಅಂಚು ಸವೆದು ನಡು ಉಬ್ಬುತ್ತದೆ. ಹಲ್ಲಿನ ಸಂದಿಗೆ ಪುಡಿ ಕಚ್ಚಿಕೊಂಡು ಗೀರು ಬೀಳದಿರಲಿ ಎಂದು ಅರಕ್ಕೆ ಸೀಮೆಸುಣ್ಣ ಬಳಿಯುತ್ತಾರೆ. ಕೊನೆಗೆ ತುಂಡಿನ ಮೇಲೆ ಚೂಪು ಅಂಚಿನ ಪಟ್ಟಿಯನ್ನಿಟ್ಟು ಟ್ಯೂಬ್‌ಲೈಟಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುವುದು. ಕೆಲವೇ ಮೈಕ್ರಾನ್ ಸಂದಿಯಿದ್ದರೂ ಬೆಳಕಿನ ಎಳೆ ಇಣುಕುತ್ತದೆ. ಹುಡುಗ ನನಗೂ ತೋರಿಸಿದ. ನನಗೆ ಏನೂ ಕಾಣಲಿಲ್ಲ. ಯಜಮಾನರು ದೂರದಿಂದಲೇ ‘ಬಲಗಡೆ ಮೂಲೆ ನೋಡಪ್ಪ’ ಎಂದರು. ಹುಡುಗ ಮರುಮಾತಿಲ್ಲದೆ ತುಂಡನ್ನು ಮತ್ತೆ ವೈಸಿಗೆ ಬಿಗಿದ.

ಇದು ಬರೀ ಮಡಿವಂತಿಕೆಯಲ್ಲ. ಒಂದು ಮಿಲಿಮೀಟರ್ ದಪ್ಪದ ತಗಡು ಕತ್ತರಿಸುವ ಡೈ ಎಂದರೆ ಪಂಚ್ ಮತ್ತು ಡೈ ನಡುವೆ ಒಂದೊಂದು ಬದಿಗೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸಿನ ಸಂದಿ. ಅದು ಒಂದು ಕಡೆ ವಾಲಿದರೆ ಸಾವಿರಾರು ಪೀಸುಗಳ ಅಂಚಿಗೆ ಮುಳ್ಳಿನಂಥ ಬರ್ ಏಳುತ್ತದೆ, ಡೈ ಬೇಗ ಹಾಳಾಗುತ್ತದೆ. ಸ್ಕೂಟರಿನ ಬಿಡಿಭಾಗದಿಂದ ಸ್ವಿಚ್ಚಿನೊಳಗಿನ ಹಿತ್ತಾಳೆ ಪಟ್ಟಿಯವರೆಗೆ ಎಲ್ಲದರ ಹಿಂದೆಯೂ ಒಬ್ಬ ಟೂಲ್‌ಮೇಕರ್ ಇರುತ್ತಾನೆ.

ಸರ್ಕಾರಕ್ಕೆ ಇದು ಹಿಂದೆಯೇ ಹೊಳೆದಿತ್ತು. ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ 1972ರಲ್ಲಿ ಶುರುವಾದದ್ದೇ ಜಿಟಿಟಿಸಿ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: ಮೂರು ವರ್ಷ ಕಲಿಕೆ, ಮತ್ತೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮುಂದೆ ಮೈಸೂರು ಸೇರಿದಂತೆ ರಾಜ್ಯದ ಹಲವೆಡೆ ಕೇಂದ್ರಗಳಾದವು. ಆಮೇಲೆ ದೇಶಕ್ಕೆ ಅವಸರ ಬಂತು. 2022ರ ಹೊತ್ತಿಗೆ 50 ಕೋಟಿ ಜನರಿಗೆ ಕೌಶಲ ಎಂದಿತು 2009ರ ರಾಷ್ಟ್ರೀಯ ನೀತಿ. 2015ರಲ್ಲಿ ಸ್ಕಿಲ್ ಇಂಡಿಯಾ, ಕೆಲವು ನೂರು ಗಂಟೆಗಳ ಕೋರ್ಸು, ಕೈಗೊಂದು ಸರ್ಟಿಫಿಕೇಟು. ಕೆಲವು ಕೆಲಸಗಳಿಗೆ ಅಷ್ಟು ಸಾಕಿರಬಹುದು. ಡೈ ಮಾಡುವವನು ನೂರು ಗಂಟೆಗಳ ಲೆಕ್ಕದಲ್ಲಿ ತಯಾರಾಗುತ್ತಾನೆಂದು ನಂಬುವುದು ನನ್ನಿಂದಾಗದು.

ಹಾಗಾದರೆ ಹುಡುಗನ ಪಕ್ಕ ನಿಂತು ವರ್ಷಗಟ್ಟಲೆ ಕಲಿಸುವವರು ಯಾರು? ಆ ಖರ್ಚು ಯಾರದು? 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಈಗಿನ ನಿಯಮದಂತೆ 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿದ್ದರೆ ಅವರಿಷ್ಟ. ವೆಸ್ಟ್ ಆಫ್ ಕಾರ್ಡ್ ರೋಡಿನಿಂದ ಮಾಗಡಿ ರಸ್ತೆಯ ತನಕ ನಾನು ಕಂಡ ಶೆಡ್ಡುಗಳು ಹೆಚ್ಚಿನವು ಈ ಎರಡನೇ ಸಾಲಿನವು. 2016ರ ಪ್ರೋತ್ಸಾಹಧನ ಯೋಜನೆ ಸ್ಟೈಪೆಂಡಿನ ಶೇ 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ ಭರಿಸುತ್ತೇನೆ ಎಂದಿತು. ಹುಡುಗ ಕೆಡಿಸುವ ಉಕ್ಕಿಗೆ, ಮೇಸ್ತ್ರಿ ಕೆಲಸ ಬಿಟ್ಟು ಅವನ ಜೊತೆ ನಿಲ್ಲುವ ಹೊತ್ತಿಗೆ ಅದರಲ್ಲಿ ಲೆಕ್ಕವಿಲ್ಲ.

ಯಜಮಾನರ ಗೊಣಗಾಟವನ್ನೆಲ್ಲ ನಾನು ಒಪ್ಪಿದೆನೆಂದಲ್ಲ. ‘ಈಗಿನ ಹುಡುಗರಿಗೆ ಕೈ ಕೊಳೆಯಾಗಬಾರದು, ಡೆಲಿವರಿ ಬ್ಯಾಗ್ ಹಾಕ್ಕೊಂಡು ಹೋಗ್ತಾರೆ’ ಎಂದಾಗ, ನೀವೆಷ್ಟು ಕೊಡುತ್ತೀರಿ ಎಂದು ಕೇಳಿದೆ. ಉತ್ತರ ತಡವಾಗಿ ಬಂತು. ವಿಜಯನಗರದಲ್ಲಿ ಹಂಚಿಕೊಂಡ ಕೋಣೆಯ ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಅಂಥ ಸಂಬಳಕ್ಕೆ ಜನ ಸಿಗದಿದ್ದರೆ ಅದನ್ನು ಕೊರತೆ ಎನ್ನುವ ಮುಂಚೆ ಎರಡು ಸಲ ಯೋಚಿಸಬೇಕು.

ಅದಕ್ಕೂ ಅವರ ಬಳಿ ಜವಾಬಿತ್ತು. ಮಾಲು ಕೊಳ್ಳುವವರು ಪೀಸ್ ರೇಟು ಏರಿಸದೆ ಸಂಬಳ ಏರಿಸುವುದು ಹೇಗೆ? ಇವರ ಕೈಯಲ್ಲಿ ಪಳಗಿದ ಹಿಂದಿನ ಫಿಟ್ಟರ್ ಮೂರನೇ ವರ್ಷಕ್ಕೆ ದೊಡ್ಡ ಕಂಪನಿಯೊಂದರ ಟೂಲ್‌ರೂಮ್ ಸೇರಿದ. ಪಿಎಫ್, ಕ್ಯಾಂಟೀನು, ಬಸ್ಸು ಎಲ್ಲ ಉಂಟು. ಹೋದದ್ದಕ್ಕೆ ಸಿಟ್ಟಿಲ್ಲ, ಒಳ್ಳೆಯದಾಗಲಿ ಎಂದರು. ಆ ಕಂಪನಿಯವರ ಪರಿಚಯವಿದೆಯೇ ಎಂದು ಕೇಳಿದೆ.

‘ಇಲ್ದೆ ಏನು ಸಾರ್, ನಮ್ಮ ಮಾಲು ಹೋಗೋದೇ ಅಲ್ಲಿಗೆ. ರೇಟು ಜಾಸ್ತಿ ಮಾಡಿ ಅಂತ ಕೇಳಿದ್ರೆ ಕ್ವಾಲಿಟಿ ಸಾಲ್ದು ಅಂತಾರೆ. ಈಗ ಅದನ್ನ ಚೆಕ್ ಮಾಡೋನು ಅವನೇ.’