ಇದನ್ನು ಮೊದಲು ಬಿಚ್ಚಿದವರು ಯಾರು?

ಕನ್ನಡದಲ್ಲಿ ‘ಇಕ್ಕಳ’ ಎಂಬುದು ಬಹು ಉಪಕಾರಿಯಾದ ಶಬ್ದ. ಅಡುಗೆಮನೆಯಲ್ಲಿ ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸುವುದು ಇಕ್ಕಳ. ಅಕ್ಕಸಾಲಿಗನು ತಂತಿಯನ್ನು ಹಿಡಿದು ಬಾಗಿಸುವುದು ಇಕ್ಕಳ. ಕಮ್ಮಾರನು ಕೆಂಪಗೆ ಕಾದ ಕಬ್ಬಿಣವನ್ನು ಕುಲುಮೆಯಿಂದ ಎತ್ತುವುದೂ ಇಕ್ಕಳವೇ. ಮೋಟಾರು ರಿಪೇರಿಯವನ ಪೆಟ್ಟಿಗೆಯಲ್ಲಿ ಅದು ಎಣ್ಣೆ ಮೆತ್ತಿಕೊಂಡು ಬಿದ್ದಿರುತ್ತದೆ. ದಂತವೈದ್ಯರ ತಟ್ಟೆಯಲ್ಲಿ ಕನ್ನಡಿಯಂತೆ ಹೊಳೆಯುತ್ತ ಮಲಗಿರುತ್ತದೆ. ವೈದ್ಯರು ತಮ್ಮ ಒಂದೊಂದು ಉಪಕರಣಕ್ಕೂ ಒಂದೊಂದು ಹೆಸರಿಟ್ಟುಕೊಂಡಿದ್ದರೂ, ಹಲ್ಲು ಕೀಳಿಸಿಕೊಂಡು ಹಳ್ಳಿಗೆ ಮರಳಿದ ಅಜ್ಜಿ ಮಾತ್ರ “ಇಕ್ಕಳ ಹಾಕಿ ಕಿತ್ತರು” ಎಂದೇ ಹೇಳುತ್ತಾಳೆ. ‘ಹಲ್ಲು’ ಶಬ್ದವೂ ಹಾಗೆಯೇ ಬಾಯಿಯನ್ನು ಬಿಟ್ಟು ಊರೆಲ್ಲ ಸುತ್ತಿ ಬಂದಿದೆ. ಗರಗಸಕ್ಕೆ ಹಲ್ಲು, ಬಾಚಣಿಗೆಗೆ ಹಲ್ಲು, ಕಾರಿನ ಗೇರಿಗೂ ಹಲ್ಲು. ಈ ಎರಡು ಶಬ್ದಗಳನ್ನು ಹಿಡಿದು ನಡೆದರೆ ಮೋಟಾರು ಷೆಡ್ಡಿಗೂ ದಂತವೈದ್ಯರ ಕೊಠಡಿಗೂ ನಾವು ತಿಳಿದಷ್ಟು ದೂರವಿಲ್ಲವೆಂಬುದು ಗೊತ್ತಾಗುತ್ತದೆ.

ಎರಡು ಕಡೆಯೂ ನಡೆಯುವುದು ಒಂದೇ ವಿಧಿ. ಒಂದು ಕಡೆ ಬಾನೆಟ್ಟು ಮೇಲೇಳುತ್ತದೆ, ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ತಜ್ಞನಾದವನು ಸಣ್ಣದೊಂದು ದೀಪ ಹಿಡಿದು ಒಳಗೆ ಬಗ್ಗಿ ನೋಡಿ, ನಮ್ಮ ಎದೆಯನ್ನು ನಡುಗಿಸುವ ಹಾಗೆ “ಹ್ಞೂಂ” ಎನ್ನುತ್ತಾನೆ. ಆಮೇಲೆ ತಪ್ಪದೆ ಒಂದು ಪ್ರಶ್ನೆ: “ಇದನ್ನು ಮೊದಲು ಬಿಚ್ಚಿದವರು ಯಾರು?” ದಂತವೈದ್ಯರಾದರೆ “ಇದಕ್ಕೆ ಮೊದಲು ತುಂಬಿದವರು ಯಾರು?” ಎನ್ನುತ್ತಾರೆ, ಧ್ವನಿ ಒಂದೇ. ತನಗಿಂತ ಮೊದಲು ಕೈಯಿಟ್ಟವನನ್ನು ಹೊಗಳಿದ ಕಸಬುದಾರನನ್ನು ನಾನಿನ್ನೂ ಕಂಡಿಲ್ಲ. ಹಳಗನ್ನಡ ಕಾವ್ಯಗಳ ಸಂಪಾದಕರು ತಮ್ಮ ಪೂರ್ವದ ಸಂಪಾದಕರನ್ನು ಕುರಿತು ಪೀಠಿಕೆಗಳಲ್ಲಿ ಬರೆಯುವುದನ್ನು ಓದಿ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ನನ್ನ ಹಿರಿಯ ಷಡ್ಡಕರು ಮೈಸೂರಿನಲ್ಲಿ ನಿವೃತ್ತರಾಗಿ ಕುಳಿತಿದ್ದಾರೆ. ಕುಳಿತಿದ್ದಾರೆ ಎಂಬುದು ರೂಢಿಯ ಮಾತು; ವಾಸ್ತವದಲ್ಲಿ ಅವರು ಹಗಲಿನ ಬಹುಪಾಲನ್ನು ಕಾರಿನ ಮುಂದೆ ಬಗ್ಗಿಕೊಂಡೇ ಕಳೆಯುತ್ತಾರೆ. ಅವರ ತಂದೆ ವಕೀಲಿ ನಡೆಸುತ್ತ ಕೊಂಡ ೧೯೬೮ರ ಅಂಬಾಸಡರ್ ಅದು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ೧೯೫೭ರ ಸುಮಾರಿಗೆ ಬಂಗಾಳದ ಉತ್ತರಪಾಡದಲ್ಲಿ ಹುಟ್ಟಿ, ೨೦೧೪ರಲ್ಲಿ ಅಲ್ಲಿಯೇ ನಿಂತುಹೋದ ಈ ವಾಹನದ ಬಗೆಗೆ ನಮ್ಮ ಜನರಿಗಿದ್ದ ಅಭಿಮಾನಕ್ಕೆ ಅದರ ವೇಗ ಕಾರಣವಲ್ಲ, ಅಂದವಂತೂ ಅಲ್ಲ. ಬಾನೆಟ್ಟು ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಕಂಡದ್ದೆಲ್ಲ ಕೈಗೆ ಎಟಕುತ್ತಿತ್ತು. ಒಬ್ಬ ಮನುಷ್ಯ ಎಂಜಿನ್ನಿನ ಪಕ್ಕದಲ್ಲಿ ನಿಂತುಕೊಳ್ಳುವಷ್ಟು ಸ್ಥಳ ಅದರೊಳಗೆ ಇದೆಯೆಂದು ತಮಾಷೆಗೆ ಹೇಳುವುದುಂಟು. ಎಟಕುವುದನ್ನೆಲ್ಲ ಬಿಚ್ಚಬೇಕೆಂಬ ಆಸೆ ಹುಟ್ಟುವುದು ಮನುಷ್ಯಧರ್ಮ.

ಷಡ್ಡಕರು ಒಂದು ಭಾನುವಾರ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಉಪ್ಪು ಕಾಗದದಿಂದ ಉಜ್ಜಿ, ಪೂಜೆಗೆ ಇಟ್ಟಂತೆ ಸಾಲಾಗಿ ಜೋಡಿಸಿಟ್ಟರು. ಮರಳಿ ಕೂರಿಸಿದಾಗ ನಾಲ್ಕು ತಂತಿಗಳನ್ನೂ ಒಂದು, ಎರಡು, ಮೂರು, ನಾಲ್ಕು ಎಂಬ ಮಗ್ಗಿಯ ಕ್ರಮದಲ್ಲಿ ಸೇರಿಸಿದರು. ಆ ಎಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ ಮಗ್ಗಿಯದಲ್ಲ. ಒಂದು, ಮೂರು, ನಾಲ್ಕು, ಎರಡು. ಕೀಲಿ ತಿರುಗಿಸಿದೊಡನೆ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿದ ಪೆಟ್ರೋಲು ಸೈಲೆನ್ಸರಿನ ಮೂಲಕ ದೀಪಾವಳಿಯನ್ನು ಮಾಡಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದುವು. ಎದುರುಮನೆಯ ಮುದುಕರೊಬ್ಬರು ಕೈಯಲ್ಲಿದ್ದ ಪಂಚಪಾತ್ರೆಯ ಸಮೇತ ಬೀದಿಗೆ ಬಂದರು. ಕಸಬು ಬಲ್ಲವರು ಒಂದು ತಂತಿಯನ್ನು ಬಿಚ್ಚಿ, ಅದನ್ನು ಸೇರಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟುತ್ತಾರೆ. ಈ ಸೂತ್ರವನ್ನು ಷಡ್ಡಕರಿಗೆ ತಿಳಿಸಿದ್ದು ಪೇಪರು ಹಾಕುವ ಹುಡುಗ.

ಅವರ ಅಡುಗೆಮನೆಯ ಮಾಡದಲ್ಲಿ ಒಂದು ಹಳೆಯ ಉಪ್ಪಿನಕಾಯಿ ಭರಣಿ ಇದೆ. ಪ್ರತಿ ರಿಪೇರಿಯ ಬಳಿಕ ಮಿಕ್ಕ ನಟ್ಟು, ಬೋಲ್ಟು, ವಾಷರುಗಳು ಅದಕ್ಕೆ ಸೇರುತ್ತವೆ. “ಅದೆಲ್ಲ ಕಾರಿನದಲ್ಲವೇ?” ಎಂದು ಅತ್ತಿಗೆ ಕೇಳಿದರೆ, “ಕಾರು ಓಡುತ್ತಿದೆಯಲ್ಲ? ಹಾಗಾದರೆ ಅವು ಬೇಕಿರಲಿಲ್ಲ” ಎಂಬುದು ಷಡ್ಡಕರ ತರ್ಕ. ನಗಬಹುದು. ಆದರೆ ಅವರ ವಿದ್ಯೆಯೆಲ್ಲ ಹುಸಿಯೆಂದು ಹೇಳಿದರೆ ಅನ್ಯಾಯವಾಗುತ್ತದೆ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಾರ್ ಸೋಪನ್ನು ಉಜ್ಜಿ ಬಿರುಕನ್ನು ಮುಚ್ಚುವುದು, ರೇಡಿಯೇಟರು ಒಸರಿದರೆ ಒಂದು ಹಿಡಿ ಅರಿಶಿನ ಹಾಕುವುದು, ಬೇಸಗೆಯಲ್ಲಿ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಎಂಜಿನ್ನು ನಿಂತರೆ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು, ಇವೆಲ್ಲ ನಮ್ಮ ದೇಶದ ಚಾಲಕರು ಹೆದ್ದಾರಿಗಳಲ್ಲಿ ಕಷ್ಟಪಟ್ಟು ಸಂಪಾದಿಸಿದ ವಿದ್ಯೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಒದ್ದೆ ಬಟ್ಟೆಯ ನೀರು ಆರುವಾಗ ಲೋಹದ ಕಾವನ್ನು ಕೊಂಡೊಯ್ಯುತ್ತದೆ. ಊರು ಮುಟ್ಟುವವರೆಗೆ ಇಷ್ಟು ಸಾಕು. ಊರು ಮುಟ್ಟಿದ ಮೇಲೂ ಸೋಪೇ ಸಾಕೆಂದು ಸುಮ್ಮನಿರುವಲ್ಲಿ ತೊಡಕು. ಇಂದಿನ ಹೊಸ ಕಾರುಗಳಲ್ಲಿ ಈ ತೊಡಕೂ ಇಲ್ಲ, ಸಂತೋಷವೂ ಇಲ್ಲ. ಅವರ ಮಗನ ಕಾರಿನ ಬಾನೆಟ್ಟು ಎತ್ತಿದರೆ ಕಾಣುವುದು ಕರಿಯ ಪ್ಲಾಸ್ಟಿಕ್ಕಿನ ಮುಚ್ಚಳವೊಂದೇ. ದೋಷ ಬಂದರೆ ಒಂದು ಹಳದಿ ದೀಪ ಹತ್ತುತ್ತದೆ; ಸ್ಟೀರಿಂಗಿನ ಕೆಳಗೆ ಒಂದು ಯಂತ್ರವನ್ನು ಸಿಕ್ಕಿಸಿದರೆ ಅದು ಅಂಕಿಯಲ್ಲಿ ಉತ್ತರ ಹೇಳುತ್ತದೆ. ಷಡ್ಡಕರು ಅದನ್ನು ಒಮ್ಮೆ ನೋಡಿ, ಅಪರಿಚಿತರ ಮನೆಗೆ ಹೋಗಿ ಬಂದವರಂತೆ ಸುಮ್ಮನೆ ಬಾನೆಟ್ಟು ಮುಚ್ಚಿದರು.

ಕಾರಿಗೆ ಸೋಪು ಹೇಗೋ, ಅವರ ಹಲ್ಲಿಗೆ ಲವಂಗದೆಣ್ಣೆ ಹಾಗೆ. ಕೆಳದವಡೆಯ ಬಲಗಡೆಯ ದೊಡ್ಡ ಹಲ್ಲೊಂದು ಚಳಿಗಾಲದಿಂದಲೇ ನೋಯುತ್ತಿತ್ತು. ಅದರಲ್ಲಿ ಎಷ್ಟೋ ವರ್ಷಗಳ ಹಿಂದೆ ತುಂಬಿದ ಬೆಳ್ಳಿಯ ಬಣ್ಣದ ತುಂಬುಗೆ ಇತ್ತು. ಅದರ ಅಂಚಿನಲ್ಲಿ ಬಿರುಕು. ರಾತ್ರಿ ಹತ್ತಿಯಲ್ಲಿ ಎಣ್ಣೆ ಅದ್ದಿ ಇಟ್ಟುಕೊಂಡು ಮಲಗುವರು. ಲವಂಗದೆಣ್ಣೆಯನ್ನು ಹಳ್ಳಿಮದ್ದೆಂದು ಹೀಯಾಳಿಸುವಂತಿಲ್ಲ. ಅದರ ಸಾರವಾದ ಯೂಜಿನಾಲನ್ನು ಸತುವಿನ ಭಸ್ಮದೊಡನೆ ಕಲಸಿ ದಂತವೈದ್ಯರು ತಾತ್ಕಾಲಿಕ ತುಂಬುಗೆಗೆ ಬಳಸುತ್ತಾರೆ. ಅವರ ಕೊಠಡಿಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವ ವಾಸನೆ ಅದರದೇ. ಅದು ನೋವನ್ನು ಮಂಕು ಮಾಡುತ್ತದೆ, ಕೊಳೆಯುವುದನ್ನು ನಿಲ್ಲಿಸುವುದಿಲ್ಲ.

ವೈಶಾಖದ ಒಂದು ಮಂಗಳವಾರ ನೋವು ತಾನಾಗಿ ನಿಂತಿತು. ಷಡ್ಡಕರು ಅಂದು ಚಕ್ಕುಲಿ ತರಿಸಿ ತಿಂದರು. ಮುಂದಿನ ವಾರ ನಂಜನಗೂಡಿನಲ್ಲಿ ಬಂಧುಗಳ ಮನೆಯ ಉಪನಯನ. ನಾವು ಐವರು ಅದೇ ಕಾರಿನಲ್ಲಿ ಹೊರಟೆವು. ತಿಂಗಳಿಂದ ಅದರ ಫ್ಯಾನ್ ಬೆಲ್ಟು ಇಲಿಮರಿಯಂತೆ ಕಿರುಚುತ್ತಿತ್ತು. ಮೈಸೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಆ ಕಿರುಚು ಥಟ್ಟನೆ ನಿಂತಿತು. ಷಡ್ಡಕರ ಮುಖ ಅರಳಿತು. “ನೋಡಿದಿರಾ! ಹಲ್ಲೂ ಸುಮ್ಮನಾಯಿತು, ಬೆಲ್ಟೂ ಸುಮ್ಮನಾಯಿತು. ಎಲ್ಲಕ್ಕೂ ಸ್ವಲ್ಪ ತಾಳ್ಮೆ ಬೇಕು” ಎಂದರು.

ಬೆಲ್ಟು ಸುಮ್ಮನಾದದ್ದು ಹರಿದುಹೋದ್ದರಿಂದ. ಆ ಒಂದು ರಬ್ಬರಿನ ಪಟ್ಟಿಯೇ ಫ್ಯಾನನ್ನೂ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸಬೇಕು. ಅದು ಹೋದರೆ ಸೂಚನೆ ಕೊಡಲೆಂದು ಒಂದು ಕೆಂಪು ದೀಪವಿದೆ. ಅದರ ಬಲ್ಬು ಎಂದೋ ಸತ್ತಿತ್ತು. ಕಡಕೊಳದ ಹತ್ತಿರ ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಷಡ್ಡಕರು ಇಳಿದು, ಹೆಗಲ ಮೇಲಿನ ಜರಿಯ ಶಲ್ಯವನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದರು. “ಮುಟ್ಟಬೇಡಿ ಅಂದರೆ!” ಎಂದು ಅತ್ತಿಗೆ ಕೂಗಿದ ಕೂಗು ರಸ್ತೆಯಾಚೆಯ ಗದ್ದೆಯವರೆಗೂ ಕೇಳಿಸಿರಬೇಕು. ಅವರು ಮೂವತ್ತು ವರ್ಷ ಪ್ರೆಷರ್ ಕುಕ್ಕರಿನೊಡನೆ ಬಾಳಿದವರು. ಒತ್ತಡದಲ್ಲಿ ಕಾದ ನೀರು ಮುಚ್ಚಳ ಸಡಿಲಿದ ಕ್ಷಣದಲ್ಲಿ ಏನು ಮಾಡುತ್ತದೆಂಬುದನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆ ಕೂಗೊಂದಿಲ್ಲದಿದ್ದರೆ ಷಡ್ಡಕರ ಮುಖ ಏನಾಗುತ್ತಿತ್ತೆಂದು ನೆನೆಯಲೂ ಮನಸ್ಸು ಬಾರದು.

ಪಂಕ್ಚರ್ ಅಂಗಡಿಯ ಹುಡುಗನೊಬ್ಬ ಬಂದು ಅರ್ಧ ಗಂಟೆ ನಮ್ಮನ್ನು ಸುಮ್ಮನೆ ಕೂರಿಸಿದ. ಆಮೇಲೆ ನೀರು ತುಂಬಿ, ದನ ಕಟ್ಟುವ ನೈಲಾನ್ ಹಗ್ಗವನ್ನು ಬೆಲ್ಟಿನ ಜಾಗದಲ್ಲಿ ಬಿಗಿದ. “ಇದನ್ನು ಮೊದಲು ಬಿಚ್ಚಿದವರು ಯಾರು ಸಾರ್? ಎರಡು ಬೋಲ್ಟೇ ಇಲ್ಲ” ಎಂದ. ಭರಣಿಯ ನೆನಪು ಎಲ್ಲರಿಗೂ ಬಂತು, ಯಾರೂ ಮಾತಾಡಲಿಲ್ಲ. ನಾವು ತಲುಪುವ ಹೊತ್ತಿಗೆ ವಟುವು ಭಿಕ್ಷೆಯನ್ನೆಲ್ಲ ಮುಗಿಸಿ ಎಲೆಯ ಮುಂದೆ ಕುಳಿತಿದ್ದ.

ಮರುದಿನ ಬೆಳಗ್ಗೆ ಅತ್ತಿಗೆಯ ಫೋನು. ಹೋಗಿ ನೋಡಿದರೆ ಷಡ್ಡಕರ ಬಲಗೆನ್ನೆ ಕೊಬ್ಬರಿ ಬಟ್ಟಲನ್ನು ಒಳಗೆ ಇಟ್ಟುಕೊಂಡಂತೆ ಊದಿದೆ. ಮೈ ಬಿಸಿ. ಎಂಜಲು ನುಂಗುವುದೂ ಕಷ್ಟ. ಆದರೂ “ಹಲ್ಲು ನೋಯುತ್ತಿಲ್ಲವಲ್ಲ!” ಎಂಬ ವಾದ ಮುಗಿದಿರಲಿಲ್ಲ. ವಾದವನ್ನು ಆಟೋದಲ್ಲಿ ಮುಂದುವರಿಸೋಣವೆಂದು ಕರೆದೊಯ್ದೆವು.

ದಂತವೈದ್ಯೆ ವಯಸ್ಸಿನಲ್ಲಿ ಅವರ ಮಗಳಂತಿದ್ದರು. ದೀಪ ಹಿಡಿದು ಬಗ್ಗಿದರು. “ಹ್ಞೂಂ. ಇದಕ್ಕೆ ಮೊದಲು ತುಂಬಿದವರು ಯಾರು?” ಎಂದರು. ಅನಂತರ, “ನೋವು ಯಾವಾಗ ನಿಂತಿತು?”

“ಇಂದಿಗೆ ಹದಿಮೂರು ದಿನ, ಡಾಕ್ಟರಮ್ಮ.”

“ನಿಂತ ದಿನವೇ ಬರಬೇಕಿತ್ತು.”

ಎಕ್ಸರೇ ಚಿತ್ರದಲ್ಲಿ ಬೇರಿನ ತುದಿಗೆ ಕಡಲೆಕಾಳಿನಷ್ಟು ಕಪ್ಪು ನೆರಳು ಕಂಡಿತು. ಹಲ್ಲಿನ ಮೇಲಿನ ಕವಚ ನಮ್ಮ ದೇಹದ ಪದಾರ್ಥಗಳಲ್ಲೆಲ್ಲ ಅತ್ಯಂತ ಗಟ್ಟಿಯಾದದ್ದು. ಆದರೆ ಅದರ ಹೊಟ್ಟೆಯೊಳಗೆ ನರವೂ ರಕ್ತವೂ ಇರುವ ಮೃದುವಾದ ತಿರುಳುಂಟು. ನೋಯುವುದು ಆ ತಿರುಳು. ಕೊಳೆತ ಅಲ್ಲಿಯವರೆಗೆ ಇಳಿದು ತಿರುಳು ಸತ್ತರೆ ದೂರು ಹೇಳುವವರೇ ಇಲ್ಲವಾಗಿ ನೋವು ನಿಲ್ಲುತ್ತದೆ. ಸೋಂಕು ಮಾತ್ರ ಬೇರಿನ ದಾರಿಯಲ್ಲಿ ಸದ್ದಿಲ್ಲದೆ ದವಡೆಯ ಮೂಳೆಗೆ ನಡೆಯುತ್ತದೆ. ಕೀವು ನಾಲಗೆಯ ಕೆಳಕ್ಕೂ ಕುತ್ತಿಗೆಗೂ ಹಬ್ಬಿದರೆ ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಹಲ್ಲಿನಿಂದ ಪ್ರಾಣ ಹೋಗುವುದು ಅಜ್ಜಿಕಥೆಯಲ್ಲ. “ಇನ್ನೆರಡು ದಿನ ತಡೆದಿದ್ದರೆ ನಾನು ಮುಟ್ಟುತ್ತಿರಲಿಲ್ಲ, ದೊಡ್ಡಾಸ್ಪತ್ರೆಗೆ ಕಳುಹಿಸುತ್ತಿದ್ದೆ” ಎಂದು ಆಕೆ ಮೆಲ್ಲಗೆ ಹೇಳಿದರು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದರು. ಕಡಕೊಳದಲ್ಲಿ ಕೂಗಿದವರು ಇಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಸೋಂಕು ಉಕ್ಕಿದ ಜಾಗದಲ್ಲಿ ಮರವಿನ ಮದ್ದು ಸರಿಯಾಗಿ ಹತ್ತುವುದಿಲ್ಲವಂತೆ. ಆದುದರಿಂದ ಅಂದು ಹಲ್ಲಿಗೆ ದ್ವಾರ ತೆರೆದು ಕೀವನ್ನು ಇಳಿಸಿ, ಔಷಧ ಬರೆದು, ಐದು ದಿನ ಬಿಟ್ಟು ಬರಹೇಳಿದರು. ಆ ಐದು ದಿನ ಷಡ್ಡಕರು ಗಂಜಿ ಕುಡಿಯುತ್ತ, ದಂತವೈದ್ಯದ ಚರಿತ್ರೆಯನ್ನು ನನ್ನಿಂದ ಕೇಳಿಸಿಕೊಂಡರು. ಬೇರೆ ದಾರಿ ಅವರಿಗಿರಲಿಲ್ಲ.

ಸುಶ್ರುತನ ಶಸ್ತ್ರಗಳ ಪಟ್ಟಿಯಲ್ಲಿಯೇ ‘ದಂತಶಂಕು’ ಎಂಬುದುಂಟು. ಆದರೆ ನೋವನ್ನು ಗೆಲ್ಲುವ ಕಥೆ ಈಚಿನದು. ೧೮೪೪ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ಎಂಬಾತ ನಗೆ ಅನಿಲವನ್ನು ಸೇದಿಕೊಂಡು ತನ್ನ ಹಲ್ಲನ್ನು ತಾನೇ ಕೀಳಿಸಿಕೊಂಡ. ಕಿತ್ತವನು ಜಾನ್ ರಿಗ್ಸ್ ಎಂಬ ಇನ್ನೊಬ್ಬ ದಂತವೈದ್ಯ. ಮರುತಿಂಗಳು ಬಾಸ್ಟನ್ನಿನಲ್ಲಿ ವಿದ್ಯಾರ್ಥಿಗಳ ಮುಂದೆ ಪ್ರಯೋಗ ಮಾಡಿ ತೋರಿಸುವಾಗ ರೋಗಿ ನಡುವೆ ಕೂಗಿಕೊಂಡ. ಸಭೆ ಗೇಲಿ ಮಾಡಿತು. ೧೮೪೬ರಲ್ಲಿ ಈಥರಿನ ಪ್ರಯೋಗದಿಂದ ಕೀರ್ತಿ ಪಡೆದವನು ಅವನ ಹಳೆಯ ಜೊತೆಗಾರ ಮಾರ್ಟನ್. ವೆಲ್ಸ್ ೧೮೪೮ರಲ್ಲಿ ಸೆರೆಮನೆಯಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ನಾವು ಇಂದು ಕುರ್ಚಿಯಲ್ಲಿ ಸುಖವಾಗಿ ಒರಗುವುದರ ಹಿಂದೆ ಅವನ ದುಃಖವಿದೆ.

ಹಲ್ಲು ಕೊರೆಯುವ ಯಂತ್ರದ ಕಥೆ ಷಡ್ಡಕರಿಗೆ ಹೆಚ್ಚು ಹಿಡಿಸಿತು. ೧೮೭೧ರಲ್ಲಿ ಮಾರಿಸನ್ ಎಂಬವನು ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ನಡೆಸುವ ಕೊರೆಯುವ ಯಂತ್ರವನ್ನು ಮಾಡಿದ. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ‘ಏರೋಟರ್’ ಪೇಟೆಗೆ ಬಂದದ್ದು ೧೯೫೭ರಲ್ಲಿ. “ನಮ್ಮ ಅಂಬಾಸಡರಿನ ವಾರಿಗೆಯದು!” ಎಂದು ಷಡ್ಡಕರು ಊದಿದ ಗೆನ್ನೆಯಲ್ಲೇ ನಕ್ಕರು. ಅವರ ಎಂಜಿನ್ನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿಗೇ ಏದುಸಿರು ಬಿಡುತ್ತದೆಂಬುದನ್ನು ನಾನು ಎತ್ತಲಿಲ್ಲ.

ಐದು ದಿನಗಳ ಮೇಲೆ ಹೋದಾಗ ಊತ ಇಳಿದಿತ್ತು. ಮದ್ದು ಚುಚ್ಚಿ, ಹಲ್ಲಿನ ಮೂರು ಸಣ್ಣ ಕಾಲುವೆಗಳನ್ನು ಕೂದಲೆಳೆಯಂಥ ಅರಗಳಿಂದ ಉಜ್ಜಿ ತೊಳೆದರು. ಅರಗಳಿಗೆ ಸಂಖ್ಯೆಗಳಿದ್ದುವು, ಒಂದನ್ನು ಬಳಸಿ ಅದರ ಜಾಗದಲ್ಲಿಟ್ಟ ಮೇಲೆಯೇ ಮುಂದಿನದಕ್ಕೆ ಕೈ. ಕೆಲಸ ಮುಗಿದಾಗ ತಟ್ಟೆಯಲ್ಲಿ ಮಿಕ್ಕದ್ದೇನೂ ಇರಲಿಲ್ಲ. ಷಡ್ಡಕರು ಕುರ್ಚಿಯಿಂದ ಇಳಿದವರು ಆ ತಟ್ಟೆಯನ್ನು ಒಂದು ಗಳಿಗೆ ನೋಡಿಯೇ ಹೊರಟರು.

ಮನೆಗೆ ಹೋಗುವ ದಾರಿಯಲ್ಲೇ ಮೋಟಾರು ಸಾಮಾನಿನ ಅಂಗಡಿ. ಪಕ್ಕದ ಷೆಡ್ಡಿನ ಮೇಸ್ತ್ರಿಗೆ ಕಾರನ್ನು ಒಪ್ಪಿಸುವುದೆಂದು ಅತ್ತಿಗೆ ಬೆಳಗ್ಗೆಯೇ ತೀರ್ಮಾನಿಸಿ, ಭರಣಿಯನ್ನು ಮುಂಚಿತವಾಗಿ ಅಲ್ಲಿಗೆ ಕಳುಹಿಸಿದ್ದರು. ಷಡ್ಡಕರ ಕೆಳದುಟಿಯ ಅರ್ಧ ಇನ್ನೂ ಮರಗಟ್ಟಿತ್ತು. ಪ, ಫ, ಬ, ಭ, ಮ ಎಂಬ ಐದು ಓಷ್ಠ್ಯಾಕ್ಷರಗಳಿಗೆ ಎರಡು ತುಟಿಗಳೂ ಸೇರಬೇಕೆಂದು ನಾನು ತರಗತಿಯಲ್ಲಿ ಇಪ್ಪತ್ತು ವರ್ಷ ಹೇಳಿದ್ದೇನೆ. ಅದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನವನ್ನು ಅಂದೇ ಕಂಡದ್ದು. ‘ಬೆಲ್ಟು’ ಎಂಬುದು ಅವರ ಬಾಯಲ್ಲಿ ಗಾಳಿಯಾಗಿ ಹೋಯಿತು. ಕೊನೆಗೆ ಔಷಧದ ಚೀಟಿಯ ಹಿಂದೆ ಬರೆದು ಕೊಟ್ಟರು.

ಮೇಸ್ತ್ರಿ ಚೀಟಿಯನ್ನು ಓದಿ, ಭರಣಿಯೊಳಗೆ ಕೈಹಾಕಿ, ಎರಡು ಬೋಲ್ಟುಗಳನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ. “ಹ್ಞೂಂ. ಇದನ್ನು ಮೊದಲು ಬಿಚ್ಚಿದವರು ಯಾರು, ಬುದ್ಧಿ?” ಎಂದ. ಷಡ್ಡಕರು ತುಟಿಯನ್ನು ಮುಟ್ಟಿ ತೋರಿಸಿ, ಮಾತು ಬರುತ್ತಿಲ್ಲವೆಂದು ಕೈಯಾಡಿಸಿದರು.